ಕ್ವಿಟ್, ಕ್ವೈಟ್, ಕ್ವಯಟ್: ಈ ಮೂರಕ್ಕೂ ನಿಜವಾಗಿ ಸಂಬಂಧ ಇಲ್ವಾ?

ಸಂಜೆಪಾಠ:
ಎಲ್ಲರಿಗೂ ನಮಸ್ಕಾರ. ನಾನು ಸಂಜೆ ಹೊತ್ತು ದೊಡ್ಡವರಿಗೆ ಇಂಗ್ಲಿಷ್ ಹೇಳಿಕೊಡ್ತೀನಿ. 11 ವರ್ಷದಿಂದ ತಿದ್ದಿ ತಿದ್ದಿ ಕೆಂಪು ಪೆನ್ನು ಸವೆಸಿರೋ ತಪ್ಪು ಒಂದೇ: ಕ್ವಿಟ್, ಕ್ವೈಟ್, ಕ್ವಯಟ್. ಮೊದಲನೇದು ಬಿಡೋದು, ಎರಡನೇದು 'ಸಾಕಷ್ಟು, ಪೂರ್ತಿ', ಮೂರನೇದು ಸದ್ದಿಲ್ಲದ್ದು. 'ಕೆಲಸ ಬಿಟ್ಟೆ' ಅಂತ ಬರೆಯೋಕೆ ಹೋಗಿ 'ಕೆಲಸ ನಿಶ್ಶಬ್ದ' ಅಂತ ಬರೆದಿರ್ತಾರೆ. ಪ್ರತಿ ಸಲ ನಾನು ಹೇಳೋ ಮಾತೂ ಒಂದೇ: "ಒಂದಕ್ಕೊಂದು ಸಂಬಂಧವೇ ಇಲ್ಲ, ಸುಮ್ಮನೆ ಬಾಯಿಪಾಠ ಮಾಡಿ."

ಮೊನ್ನೆ ಒಬ್ಬರು ಪೇಪರಿನ ಕೋರ್ಟ್ ಸುದ್ದಿ ಕತ್ತರಿಸಿಕೊಂಡು ಬಂದಿದ್ರು. 'ಅಕ್ವಿಟ್' ಅನ್ನೋ ಪದದ ಕೆಳಗೆ ಎರಡು ಗೆರೆ ಎಳೆದು, "ಇದರ ಹೊಟ್ಟೆಯೊಳಗೂ ಕ್ವಿಟ್ ಇದೆಯಲ್ಲ ಮೇಡಂ, ಖುಲಾಸೆ ಆದವನು ಏನನ್ನ ಬಿಟ್ಟ?" ಅಂತ ಕೇಳಿದ್ರು. ನನ್ನ ಹತ್ತಿರ ಉತ್ತರ ಇರಲಿಲ್ಲ, ಮುಂದಿನ ಕ್ಲಾಸಿಗೆ ಹೇಳ್ತೀನಿ ಅಂದೆ. ಅವರು ಹೋದ ತಿಂಗಳಷ್ಟೇ ಕೆಲಸ ಬಿಟ್ಟಿದ್ದಾರೆ. ಮನೇಲಿ ಯಾರೋ 'ಕ್ವಿಟರ್' ಅಂದಿದ್ದು ಅವರನ್ನ ಬಹಳ ನೋಯಿಸಿದೆ. ಹಾಗಾಗಿ ಬಾಯಿಗೆ ಬಂದದ್ದು ಹೇಳಿ ಕಳಿಸೋ ಹಾಗಿಲ್ಲ. ತಿಳಿದವರು ದಯವಿಟ್ಟು ಹೇಳಿ.

ನೇರಮಾತು:
ಸಂಬಂಧ ಇಲ್ಲ. ಅಕ್ಷರ ಹತ್ತಿರ ಇದ್ದ ಮಾತ್ರಕ್ಕೆ ನೆಂಟಸ್ತನ ಆಗಲ್ಲ. ಹಾಗೆ ನೋಡಿದ್ರೆ 'ಕ್ವಿಕ್' ಕೂಡ ಪಕ್ಕದಲ್ಲೇ ಇದೆ.

ಬೇರುಹುಡುಕ:
ನೇರಮಾತು ಅವರೇ, ಕ್ವಿಕ್ ವಿಷಯ ನೀವು ಹೇಳಿದ್ದು ಸರಿ. ಅದು ಇಂಗ್ಲಿಷಿನ ಸ್ವಂತ ಪದ, ಹಳೆಯ ಅರ್ಥ 'ಜೀವ ಇರುವ'. ಆದರೆ ಉಳಿದ ಮೂರೂ ಒಂದೇ ತಾಯಿಯ ಮಕ್ಕಳು. ಅಕ್ವಿಟ್ ನಾಲ್ಕನೆಯದು.

ತಾಯಿ ಲ್ಯಾಟಿನ್ನಿನ 'ಕ್ವಿಯೇತುಸ್'. ಅರ್ಥ: ವಿಶ್ರಾಂತಿಯಲ್ಲಿರುವ, ನೆಮ್ಮದಿಯಾದ. ಅದು ನೆಟ್ಟಗೆ ಬಂದ ದಾರಿಯಲ್ಲಿ 'ಕ್ವಯಟ್' ಆಯ್ತು. ಇನ್ನೊಂದು ದಾರಿ ಕಾನೂನು ಮತ್ತು ಲೆಕ್ಕಪತ್ರದ್ದು. ಮಧ್ಯಯುಗದ ಲ್ಯಾಟಿನ್ ಕಾಗದಗಳಲ್ಲಿ ಈ ಪದಕ್ಕೆ 'ಸಾಲದಿಂದ, ಹೊಣೆಯಿಂದ ಬಿಡುಗಡೆಯಾದ' ಅನ್ನೋ ಅರ್ಥ ಬಂತು. ಸಾಲ ತೀರಿದವನು ನೆಮ್ಮದಿಯಾಗಿರ್ತಾನೆ, ಅಷ್ಟೇ ತರ್ಕ. ಅದು ಹಳೆಯ ಫ್ರೆಂಚಿನಲ್ಲಿ 'ಕ್ವಿತ್' ಆಗಿ, 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅಲ್ಲಿನ ಕೋರ್ಟು ಕಚೇರಿಯ ಫ್ರೆಂಚಿನ ಜತೆ ಒಳಗೆ ಬಂತು. 1200ರ ಸುಮಾರಿಗೆ ಇಂಗ್ಲಿಷಿನಲ್ಲಿ ಕ್ವಿಟ್ ಅಂದರೆ 'ಸಾಲ ತೀರಿಸು, ಋಣ ಸಲ್ಲಿಸು'. ಆಮೇಲೆ 'ಬಿಡುಗಡೆ ಮಾಡು'. ಜಾಗ ಬಿಟ್ಟು ಹೋಗು, ಮಾಡುತ್ತಿದ್ದದ್ದನ್ನು ನಿಲ್ಲಿಸು ಅನ್ನುವ ಬಳಕೆಗಳು ಅದೆಷ್ಟೋ ಆಮೇಲಿನವು. 'ನಿಲ್ಲಿಸು' ಅನ್ನೋದು 17ನೇ ಶತಮಾನದ್ದು.

ಹಾಗಾಗಿ ಕೋರ್ಟಿನಲ್ಲಿ ಅಕ್ವಿಟ್ ಆದವನು ಏನನ್ನೂ ಬಿಡಲಿಲ್ಲ. ಆರೋಪವೇ ಅವನನ್ನು ಬಿಟ್ಟಿತು. ಅವನ ಮೇಲಿದ್ದ ಬಾಕಿ ಇಲ್ಲ ಅಂತಾಯ್ತು.

ಸಂಜೆಪಾಠ:
ಅಯ್ಯೋ. 11 ವರ್ಷ ತಪ್ಪು ಹೇಳಿಬಿಟ್ಟಿದ್ದೀನಿ. ಕ್ವೈಟ್ ಹೇಗೆ ಬಂತು ಹಾಗಾದ್ರೆ? 'ಸಾಕಷ್ಟು' ಅನ್ನೋದಕ್ಕೂ ಸಾಲಕ್ಕೂ ಏನು?

ಬೇರುಹುಡುಕ:
ಅದರ ಮೊದಲ ಅರ್ಥ 'ಸಾಕಷ್ಟು' ಅಲ್ಲ, 'ಪೂರ್ತಿಯಾಗಿ'. ಬಾಕಿ ಏನೂ ಉಳಿಯದಂತೆ ತೀರಿದ್ದು, ಆದ್ದರಿಂದ ಸಂಪೂರ್ಣ. 'ಸುಮಾರಾಗಿ, ತಕ್ಕಮಟ್ಟಿಗೆ' ಅನ್ನೋ ತೆಳು ಅರ್ಥ ಆಮೇಲೆ ಬಂತು.

ಲೆಕ್ಕದಪಟ್ಟಿ:
ನಾನು ಲೆಕ್ಕಪತ್ರ ನೋಡೋನು, ಭಾಷಾತಜ್ಞ ಅಲ್ಲ. ಆದ್ರೆ ಈ ವಿಷಯ ಬಂದ್ರೆ ಸುಮ್ಮನಿರೋಕಾಗಲ್ಲ. ಇಂಗ್ಲೆಂಡಿನ ಖಜಾನೆಯಲ್ಲಿ ಅಧಿಕಾರಿಗಳ ಲೆಕ್ಕ ಒಪ್ಪಿಸಿದ ಮೇಲೆ 'ಕ್ವಿಯೇತುಸ್ ಎಸ್ತ್' ಅಂತ ಬರೀತಿದ್ರು. 'ಇವನ ಲೆಕ್ಕ ತೀರಿದೆ' ಅಂತ ಅರ್ಥ. ಶೇಕ್ಸ್‌ಪಿಯರ್ ನಾಟಕದ ಹ್ಯಾಮ್ಲೆಟ್ ತನ್ನ ಸಾವಿನ ಬಗ್ಗೆ ಯೋಚಿಸುವಾಗ ಬಳಸೋದು ಇದೇ 'ಕ್ವಯೀಟಸ್' ಪದವನ್ನ. ಬದುಕಿನ ಖಾತೆಯನ್ನ ಮುಚ್ಚೋದು.

ಇದೊಂದೇ ಅಲ್ಲ. 'ಪೇ' ಅನ್ನೋ ಪದ ತಗೊಳ್ಳಿ. ಅದರ ಮೂಲ ಲ್ಯಾಟಿನ್ನಿನ 'ಪಾಕಾರೆ', ಶಾಂತಗೊಳಿಸು. 'ಪೀಸ್' ಬಂದದ್ದೂ ಅದೇ ಮನೆಯಿಂದ. ಸಾಲ ಕೊಟ್ಟವನನ್ನ ಸಮಾಧಾನ ಮಾಡೋದೇ ಪಾವತಿ. 'ಫೈನಾನ್ಸ್' ತಗೊಳ್ಳಿ, ಅದು ಫ್ರೆಂಚಿನ 'ಕೊನೆಗಾಣಿಸು' ಅನ್ನೋದರಿಂದ, ಅಂದ್ರೆ ಬಾಕಿಯನ್ನ ಮುಗಿಸೋದು. ಹಣದ ಪದಗಳೆಲ್ಲ ಕೊನೆಗೆ ನೆಮ್ಮದಿಯ ಬಾಗಿಲಿಗೇ ಬರ್ತವೆ. ನನಗಂತೂ ಇದು ಕಾಕತಾಳೀಯ ಅನ್ನಿಸಲ್ಲ.

ಚಿಕ್ಕಂದಿನ ಒಂದು ರಾತ್ರಿ ಹೇಳ್ತೀನಿ. ಅಪ್ಪ ವರ್ಷಗಟ್ಟಲೆ ಕಟ್ಟಿದ ಸಾಲದ ಕೊನೆಯ ಕಂತು ಕೊಟ್ಟು ಬಂದಿದ್ರು. ಪ್ರೊನೋಟು ವಾಪಸ್ ತಂದಿದ್ರು, ಅದರ ಮೇಲೆ ಓರೆಯಾಗಿ 'ಚುಕ್ತಾ' ಅಂತ ಬರೆದು ಕೆಳಗೆ ಸಹಿ. ಮಡಿಕೆ ಮಡಿಕೆ ಬಿದ್ದಲ್ಲೆಲ್ಲ ಕಾಗದ ಸವೆದು ಬೆಳಕು ಕಾಣ್ತಿತ್ತು. ಅಮ್ಮ ಅದನ್ನ ದೀಪದ ಹತ್ತಿರ ಹಿಡಿದು ಎರಡು ಸಲ ಓದಿದ್ರು. ಆ ರಾತ್ರಿ ಅಪ್ಪ ಮಲಗಿದವರು ಬೆಳಿಗ್ಗೆ ಎಂಟಾದ್ರೂ ಏಳಲಿಲ್ಲ. ದಿನಾ ಐದಕ್ಕೆ ಏಳೋ ಮನುಷ್ಯ. ಕ್ವಿಟ್ಟು ಕ್ವಯಟ್ಟು ಒಂದೇ ಪದ ಅಂತ ನನಗೆ ಯಾವ ನಿಘಂಟೂ ಹೇಳಬೇಕಾಗಿಲ್ಲ.

ಮಳೆಹನಿ:
ಲೆಕ್ಕದಪಟ್ಟಿ ಅವರೇ, ಓದಿ ಕಣ್ಣು ತುಂಬಿತು.

ಸುಮ್ನೆಓದ್ತೀನಿ:
ಕನ್ನಡದಲ್ಲೂ 'ಆ ಮನೆಯ ಋಣ ತೀರಿತು' ಅಂತ ಹೇಳೋದು ಬಿಟ್ಟು ಬರುವಾಗಲೇ ಅಲ್ವಾ. ಸಾಲ ಇರಲಿ ಬಿಡಲಿ. 'ಅನ್ನದ ಋಣ ಅಷ್ಟೇ ಇತ್ತು' ಅಂತಾರೆ.

ನೇರಮಾತು:
ಸರಿ, ಮೂಲದ ವಿಷಯದಲ್ಲಿ ನನ್ನದು ತಪ್ಪು, ಒಪ್ಪಿದೆ. ಆದ್ರೆ ಒಂದು ಮಾತು. 800 ವರ್ಷದ ಹಿಂದೆ ಏನರ್ಥ ಇತ್ತು ಅನ್ನೋದು ಇವತ್ತಿನ ಅರ್ಥ ಅಲ್ಲ. ಇವತ್ತು ಯಾರಾದ್ರೂ 'ಕ್ವಿಟ್' ಅಂದ್ರೆ ಕೇಳೋನಿಗೆ ತಲೆಗೆ ಬರೋದು ಅರ್ಧಕ್ಕೆ ಬಿಟ್ಟು ಹೋಗೋದು. ಆ ವಿದ್ಯಾರ್ಥಿಗೆ ಮನೆಯವರು ಬೈದದ್ದೂ ಅದೇ ಅರ್ಥದಲ್ಲಿ. ಲ್ಯಾಟಿನ್ ಹೇಳಿ ಬೈಗುಳವನ್ನ ಹೊಗಳಿಕೆ ಮಾಡೋಕಾಗಲ್ಲ.

ಬೇರುಹುಡುಕ:
ಒಪ್ಪಿದೆ. ಪದದ ಅರ್ಥ ಬಳಕೆಯಲ್ಲಿದೆ, ಬೇರಿನಲ್ಲಿಲ್ಲ. ಆದ್ರೆ ಹಳೆಯ ಅರ್ಥ ಸತ್ತಿಲ್ಲ ಅನ್ನೋದು ನನ್ನ ವಾದ. ಅಕ್ವಿಟ್ ದಿನಾ ಪೇಪರಲ್ಲಿ ಬರುತ್ತೆ. 'ವಿ ಆರ್ ಕ್ವಿಟ್ಸ್' ಅಂದ್ರೆ ಇವತ್ತಿಗೂ 'ನಿನ್ನದೂ ನನ್ನದೂ ಲೆಕ್ಕ ಸರಿಹೋಯ್ತು'. ಜೂಜಿನಲ್ಲಿ 'ಡಬಲ್ ಆರ್ ಕ್ವಿಟ್ಸ್' ಅಂದ್ರೆ ಗೆದ್ದರೆ ಬಾಕಿ ತೀರಿತು, ಸೋತರೆ ಬಾಕಿ ಇಮ್ಮಡಿ. 'ಅನ್‌ರಿಕ್ವೈಟೆಡ್ ಲವ್' ಅಂದ್ರೆ ಪ್ರತಿಯಾಗಿ ಏನೂ ಸಲ್ಲದ ಪ್ರೀತಿ, ಅಕ್ಷರಶಃ ತೀರದ ಸಾಲ. ಬೀದಿಯ ಬೈಗುಳದಲ್ಲಿ ಒಂದು ಅರ್ಥ ಉಳಿದಿದೆ, ಉಳಿದ ಕಡೆಯೆಲ್ಲ ಇನ್ನೊಂದು.

ಕಡಲತಡಿ:
1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ಒಂದು ಜಾಗ ಇದೆ, ಸಮುವೇಲನ ಮೊದಲ ಪುಸ್ತಕದ 4ನೇ ಅಧ್ಯಾಯ. ಯುದ್ಧದಲ್ಲಿ ಹೆದರಿದ ಸೈನಿಕರಿಗೆ ಅವರವರೇ ಹೇಳಿಕೊಳ್ಳೋ ಮಾತು. ಅಲ್ಲಿ 'ಕ್ವಿಟ್ ಯುವರ್‌ಸೆಲ್ವ್ಸ್ ಲೈಕ್ ಮೆನ್' ಅಂದಮೇಲೆ 'ಆ್ಯಂಡ್ ಫೈಟ್' ಅಂತ ಬರುತ್ತೆ. ಗಂಡಸರ ಹಾಗೆ ನಡಕೊಳ್ಳಿ, ಹೋರಾಡಿ. ಅದೇ ಪದ! ಓಡಿಹೋಗಿ ಅಂತ ಅಲ್ಲ, ನಿಂತು ನಿಮ್ಮ ಪಾಲಿನದ್ದನ್ನ ಸಲ್ಲಿಸಿ ಅಂತ. ಮೊದಲ ಸಲ ಓದಿದಾಗ ಅಚ್ಚಿನ ತಪ್ಪು ಅಂದುಕೊಂಡಿದ್ದೆ.

ನೇರಮಾತು:
ಇದು ಗೊತ್ತಿರಲಿಲ್ಲ. ಈಗ ನೋಡಿದೆ, ನಿಜ.

ಗೋಧಿಬಣ್ಣ:
'ಕ್ವಿಟ್ ಇಂಡಿಯಾ' ಯಾರೂ ಹೇಳಲಿಲ್ವಲ್ಲ? 1942ರ ಆಗಸ್ಟ್ 8, ಮುಂಬಯಿಯ ಗೋವಾಲಿಯಾ ಟ್ಯಾಂಕ್ ಮೈದಾನ. ನಮ್ಮಲ್ಲಿ ಶಾಲೆಗೆ ಹೋದವರಿಗೆಲ್ಲ ಕ್ವಿಟ್ ಅನ್ನೋ ಪದ ಪರಿಚಯ ಆಗಿದ್ದೇ ಅಲ್ಲಿಂದ. ಕನ್ನಡದಲ್ಲಿ 'ಭಾರತ ಬಿಟ್ಟು ತೊಲಗಿ'. ಆ 'ತೊಲಗಿ' ಇಂಗ್ಲಿಷಿನಲ್ಲಿ ಇಲ್ಲ, ನಮ್ಮವರು ಸೇರಿಸಿದ್ದು. ಎಷ್ಟು ಚೆನ್ನಾಗಿ ಸೇರಿಸಿದ್ದಾರೆ!

ಬೇರುಹುಡುಕ:
ಒಳ್ಳೆಯ ಉದಾಹರಣೆ. ಅಲ್ಲಿ ಕ್ವಿಟ್ ಪಕ್ಕದಲ್ಲೇ ಜಾಗದ ಹೆಸರು ಬಂದಿದೆ ಗಮನಿಸಿ. ಬಾಡಿಗೆದಾರನಿಗೆ ಕೊಡುವ 'ನೋಟಿಸ್ ಟು ಕ್ವಿಟ್' ಕೂಡ ಇದೇ ಬಳಕೆ. ಮನೆ ಖಾಲಿ ಮಾಡು ಅಂತ ಮಾಲೀಕ ಕೊಡೋ ಕಾಗದ. ಬಾಡಿಗೆಗೆ ಇದ್ದವನಿಗೆ ಹೇಳೋ ಭಾಷೆಯಲ್ಲೇ ಆಳುವವನಿಗೆ ಹೇಳಿದ ಹಾಗಾಯ್ತು.

ಕಿಟಕಿಪಕ್ಕ:
ರಿಸೈನ್ ಬಗ್ಗೆ ಯಾರಾದ್ರೂ ಹೇಳಿ. ಕ್ವಿಟ್ ಅಂದ್ರೆ ಒರಟು, ರಿಸೈನ್ ಅಂದ್ರೆ ಮರ್ಯಾದೆ ಅಂತಾರೆ. ನಾನು ಕೆಲಸ ಬಿಡುವಾಗ ಪತ್ರದಲ್ಲಿ 'ಐ ಕ್ವಿಟ್' ಅಂತ ಬರೆದಿದ್ದಕ್ಕೆ ಮೇಲಿನವರು ಮುಖ ಸಿಂಡರಿಸಿ ಪತ್ರ ವಾಪಸ್ ಮಾಡಿದ್ರು. "ಸಿಟ್ಟಿನಲ್ಲಿ ಬರೆದಿದ್ದೀರಾ?" ಅಂತ ಕೇಳಿದ್ರು. ಸಿಟ್ಟು ಇರಲೇ ಇಲ್ಲ. ಚಿಕ್ಕ ಪದ, ಬರೆಯೋಕೆ ಸುಲಭ ಅಂತ ಬರೆದಿದ್ದೆ.

ಲೆಕ್ಕದಪಟ್ಟಿ:
ರಿಸೈನ್ ಕೂಡ ಲೆಕ್ಕದ ಪುಸ್ತಕದಿಂದಲೇ ಬಂದದ್ದು! ಲ್ಯಾಟಿನ್ನಿನ 'ರೆಸಿಗ್ನಾರೆ'. 'ಸಿಗ್ನಾರೆ' ಅಂದ್ರೆ ಗುರುತು ಹಾಕು, ಮುದ್ರೆ ಒತ್ತು, ಖಾತೆಯಲ್ಲಿ ನಮೂದಿಸು. 'ರೆ' ಸೇರಿದ್ರೆ ಅದನ್ನ ರದ್ದು ಮಾಡೋದು: ಮುದ್ರೆ ಒಡೆಯೋದು, ಎದುರು ಪುಟದಲ್ಲಿ ಇನ್ನೊಂದು ನಮೂದು ಹಾಕಿ ಮೊದಲನೆಯದನ್ನ ಸರಿದೂಗಿಸೋದು. ಖರ್ಚಿಗೆ ಎದುರಾಗಿ ಜಮೆ ಬರೆದ ಹಾಗೆ. ಅಂದ್ರೆ ಮರ್ಯಾದೆಯ ಪದ, ಒರಟು ಪದ ಎರಡೂ ಒಂದೇ ಮೇಜಿನ ಮೇಲೆ ಹುಟ್ಟಿದ್ದು.

ಕೆಲಸ ಬಿಡುವಾಗ 'ನೋ ಡ್ಯೂಸ್' ಫಾರ್ಮ್ ಹಿಡ್ಕೊಂಡು ಮೇಜಿಂದ ಮೇಜಿಗೆ ಅಲೆದಿದ್ದು ನೆನಪಿರಬೇಕು. ಲೈಬ್ರರಿ, ಸ್ಟೋರು, ಗುರುತಿನ ಚೀಟಿ, ಲ್ಯಾಪ್‌ಟಾಪು, ಎಲ್ಲರ ಸಹಿ. ಕೊನೆಗೆ 'ಫುಲ್ ಆ್ಯಂಡ್ ಫೈನಲ್'. ಆ ಕಾಗದವೇ ಹಳೆಯ ಅರ್ಥದ ಕ್ವಿಟ್. ಇಂಗ್ಲಿಷಿನಲ್ಲಿ ಅಂಥ ರಶೀದಿಗೆ 'ಕ್ವಿಟನ್ಸ್' ಅಂತಲೇ ಹೆಸರು.

ಕಿಟಕಿಪಕ್ಕ:
ನನ್ನ ಫಾರ್ಮಿನಲ್ಲಿ ಒಂದು ಸಹಿ ಬಾಕಿ ಅಂತ ನಾಲ್ಕು ತಿಂಗಳು ದುಡ್ಡು ತಡೆಹಿಡಿದಿದ್ರು. ಯಾವ ಸಹಿ ಗೊತ್ತಾ? ಎಂದೂ ಕಾಲಿಡದ ಜಿಮ್ಮಿನದ್ದು. ಆ ನಾಲ್ಕು ತಿಂಗಳು ನಾನು ಕೆಲಸ ಬಿಟ್ಟಿದ್ದೆ, ಕೆಲಸ ನನ್ನನ್ನ ಬಿಟ್ಟಿರಲಿಲ್ಲ.

ಸೈಕಲ್‌ಚೈನು:
ರಿಸೈನ್ ಅಂದ ಮೇಲೆ ಒಂದು ಮಾತು. ನಡುವೆ ಅಡ್ಡಗೆರೆ ಹಾಕಿದ್ರೆ ರಿ-ಸೈನ್, 'ಮತ್ತೆ ಸಹಿ ಹಾಕು'. ಅರ್ಥ ಪೂರ್ತಿ ಉಲ್ಟಾ. ನನ್ನಿಷ್ಟದ ಆಟಗಾರನ ಬಗ್ಗೆ ತಲೆಬರಹ ನೋಡಿ ತಂಡ ಬಿಟ್ಟ ಅಂದುಕೊಂಡು ಇಡೀ ದಿನ ಬೇಸರದಲ್ಲಿದ್ದೆ. ಅವನು ಇನ್ನೂ ಮೂರು ವರ್ಷಕ್ಕೆ ಸಹಿ ಹಾಕಿದ್ದ. ಒಂದು ಗೆರೆ!

ಹುಬ್ಬೇರಿಸಿ:
ಇಷ್ಟೆಲ್ಲಾ ಇಂಗ್ಲಿಷ್ ಮಾತಾಡಾಕ ಹತ್ತೀರಿ, ನಮ್ಮ 'ರಾಜೀನಾಮೆ' ಏನಂತ ನೋಡೀರೇನ್ರಿ? ಅದು ಫಾರ್ಸಿ ಕಡೆಯಿಂದ ಬಂದದ್ದು. 'ರಾಜಿ' ಅಂದ್ರ ಒಪ್ಪಿಗೆ, 'ನಾಮೆ' ಅಂದ್ರ ಕಾಗದ. ಒಪ್ಪಿಗೆ ಪತ್ರ! ಹಿಂದಿಯವ್ರಿಗೆ ಇವತ್ತಿಗೂ 'ರಾಜೀನಾಮಾ' ಅಂದ್ರ ಇಬ್ಬರ ನಡುವಿನ ರಾಜಿ ಪತ್ರ. ಕೆಲಸ ಬಿಡೂದಕ್ಕ ಅವ್ರು 'ಇಸ್ತೀಫಾ' ಅಂತಾರ. ಕನ್ನಡ, ಮರಾಠಿ, ತೆಲುಗು, ಗುಜರಾತಿಯಂಥ ಭಾಷೆಯೊಳಗ ಇದು ಕೆಲಸ ಬಿಡೂ ಕಾಗದ ಆಗೇತಿ.

ಸುಮ್ನೆಓದ್ತೀನಿ:
ಒಪ್ಪಿಗೆ ಪತ್ರ ಹೇಗ್ರಿ ಬಿಡೋ ಪತ್ರ ಆಯ್ತು?

ಹುಬ್ಬೇರಿಸಿ:
ಹೊಲದ ಕಾಗದದಿಂದ. ಮುಂಬಯಿ ಪ್ರಾಂತ್ಯದ ಕಂದಾಯ ದಫ್ತರದೊಳಗ ರೈತ ತನ್ನ ಹೊಲ ಬಿಟ್ಟುಕೊಡಬೇಕಾದ್ರ 'ರಾಜೀನಾಮಾ' ಬರದು ಕೊಡ್ತಿದ್ದ, ಅದನ್ನ ತಗೊಳ್ಳೋ ಹೊಸಾ ರೈತ 'ಕಬೂಲಾಯತ್' ಬರದು ಕೊಡ್ತಿದ್ದ. 'ನಾ ಒಪ್ಪಿ ಬಿಡಾಕ ಹತ್ತೀನಿ, ಯಾರ ಒತ್ತಾಯ ಇಲ್ಲ' ಅಂತ. ಹೊಲ ಬಿಡೂ ಕಾಗದಕ್ಕ ಇದ್ದ ಹೆಸರು ನೌಕರಿ ಬಿಡೂ ಕಾಗದಕ್ಕೂ ನಿಂತೈತಿ.

ಉರ್ದುಪ್ರೇಮಿ:
'ಇಸ್ತೀಫಾ' ಬಗ್ಗೆ ನಾನು ಸೇರಿಸ್ತೀನಿ. ಅದು ಅರಬ್ಬಿ. ಧಾತುವಿನ ಅರ್ಥ ಕ್ಷಮಿಸು, ಮನ್ನಾ ಮಾಡು. ಇಸ್ತೀಫಾ ಅಂದ್ರೆ 'ನನ್ನನ್ನು ಮನ್ನಿಸಿ ಕಳಿಸಿ' ಅಂತ ಕೇಳಿಕೊಳ್ಳೋದು. ಅದೇ ಧಾತುವಿನಿಂದ ಬಂದದ್ದು ನಾವು ದಿನಾ ಬಳಸೋ 'ಮಾಫಿ'. ಸಾಲ ಮಾಫಿ ಅಂತೀವಲ್ಲ, ಅದು. ಅಲ್ಲಿಗೂ ಸಾಲವೇ ಬಂತು ನೋಡಿ.

ಇನ್ನೊಂದು: 'ಖುಲಾಸೆ' ಮತ್ತು 'ಖಲಾಸ್'. ಎರಡೂ ಒಂದೇ ಅರಬ್ಬಿ ಧಾತು, ಬಿಡುಗಡೆ ಹೊಂದು, ಶುದ್ಧವಾಗು ಅಂತ. ಒಂದು ಕೋರ್ಟಿನಲ್ಲಿ ಕೂತು ಅಕ್ವಿಟ್ ಆಯ್ತು, ಇನ್ನೊಂದು ಬೀದಿಗೆ ಬಂದು 'ಮುಗೀತು' ಆಯ್ತು. ಇಂಗ್ಲಿಷಿನಲ್ಲಿ ಅಕ್ವಿಟ್, ಕ್ವಿಟ್ ಜೋಡಿ ಹೇಗೋ ಹಾಗೆ. ಆ ವಿದ್ಯಾರ್ಥಿಗೆ ಇದನ್ನ ಖಂಡಿತ ಹೇಳಿ ಮೇಡಂ, ಅವರು ಕೇಳಿದ ಪ್ರಶ್ನೆಗೆ ಕನ್ನಡದಲ್ಲೇ ಉತ್ತರ ಇದೆ.

ಸಂಜೆಪಾಠ:
ಬರೆದುಕೊಳ್ತಾ ಇದ್ದೀನಿ. ಎರಡು ಹಾಳೆ ತುಂಬಿತು.

ಪುಟ್ಟಹೆಜ್ಜೆ:
ನಾನೊಂದು ಸೇರಿಸ್ತೀನಿ. ನಮ್ಮ 'ಬಿಟ್ಟಿ' ಪದ ಬಂದಿರೋದೂ 'ಬಿಡು' ಇಂದಲೇ. ಹಣ ಬಿಟ್ಟು ಕೊಟ್ಟದ್ದು, ಆದ್ದರಿಂದ ಪುಕ್ಕಟೆ.

ಬೇರುಹುಡುಕ:
ಇಲ್ಲ, ಇದು ಕಿವಿಗೆ ಸರಿ ಅನ್ನಿಸಿದ್ರೂ ಸರಿಯಲ್ಲ. ಬಿಟ್ಟಿ ಬಂದದ್ದು ಸಂಸ್ಕೃತದ 'ವಿಷ್ಟಿ'ಯಿಂದ. ಅಂದ್ರೆ ಕೂಲಿ ಕೊಡದೆ ಬಲವಂತವಾಗಿ ಮಾಡಿಸಿಕೊಳ್ಳೋ ದುಡಿಮೆ. 'ಬಿಟ್ಟಿ ಚಾಕರಿ'ಯಲ್ಲಿ ಆ ಅರ್ಥ ಹಾಗೇ ಉಳಿದಿದೆ. ಬಿಟ್ಟಿ ಮಾಡೋನಿಗೆ ಬಿಡುಗಡೆಯೇ ಇರಲಿಲ್ಲ. ಬಿಡುವಿಗೆ ತದ್ವಿರುದ್ಧ ಪದ ಅದು.

ಪುಟ್ಟಹೆಜ್ಜೆ:
ಓಹ್. ಸರಿ. ಇಷ್ಟು ದಿನ ಎಲ್ಲರಿಗೂ ಹಾಗೇ ಹೇಳ್ತಿದ್ದೆ.

ಅಚ್ಚಕನ್ನಡಿಗ:
ಬೇರುಹುಡುಕ ಅವರೇ, 'ಬಿಡುವಿಗೆ ತದ್ವಿರುದ್ಧ' ಅಂತ ಬರೆದ್ರಲ್ಲ, ಅಲ್ಲೇ ಇದೆ ನೋಡಿ ಇಡೀ ಉತ್ತರ. ನಾನು ಆಗಿನಿಂದ ಓದ್ತಾ ಕಾಯ್ತಿದ್ದೆ, ಯಾರಾದ್ರೂ ಹೇಳ್ತಾರೆ ಅಂತ.

ನಮ್ಮ 'ಬಿಡು' ತಗೊಳ್ಳಿ. ಅದರಿಂದ 'ಬಿಡುವು' ಬಂತು. ಬಿಡುವು ಅಂದ್ರೆ ಪುರುಸೊತ್ತು, ವಿಶ್ರಾಂತಿ. ಅದು ಕ್ವಯಟ್. ಅದರಿಂದ 'ಬಿಡುಗಡೆ' ಬಂತು. ಅದು ಅಕ್ವಿಟ್. ಕೆಲಸ 'ಬಿಡು', ಊರು 'ಬಿಡು'. ಅದು ಕ್ವಿಟ್. ಇನ್ನು ಕ್ವೈಟ್? ಅದೂ ಇದೆ! 'ತಿಂದೆ' ಅನ್ನೋದಕ್ಕೂ 'ತಿಂದುಬಿಟ್ಟೆ' ಅನ್ನೋದಕ್ಕೂ ಏನು ವ್ಯತ್ಯಾಸ? 'ಮುಗಿಸಿಬಿಟ್ಟೆ', 'ಹೇಳಿಬಿಟ್ಟೆ', 'ಮರೆತುಬಿಟ್ಟೆ'. ಬಾಕಿ ಇಲ್ಲ, ಪೂರ್ತಿ ಆಯ್ತು, ಇನ್ನು ಹಿಂದೆ ತರೋಕಾಗಲ್ಲ. ಲ್ಯಾಟಿನ್ ನೆಮ್ಮದಿಯಿಂದ ಹೊರಟು ಬಿಡೋದಕ್ಕೆ ಬಂತು, ಕನ್ನಡ ಬಿಡೋದರಿಂದ ಹೊರಟು ನೆಮ್ಮದಿಗೆ ಬಂತು. ದಾರಿ ಎದುರುಬದುರು, ಊರುಗಳು ಅವೇ.

ಮೇಡಂ ಮೊದಲನೇ ಉತ್ತರದಲ್ಲಿ ಏನು ಬರೆದಿದ್ದಾರೆ ಮೇಲೆ ಹೋಗಿ ನೋಡಿ: '11 ವರ್ಷ ತಪ್ಪು ಹೇಳಿಬಿಟ್ಟಿದ್ದೀನಿ'.

ಸಂಜೆಪಾಠ:
ಓದಿ ಎದ್ದು ನಿಂತೆ. ನಿಜವಾಗಲೂ ಎದ್ದು ನಿಂತೆ.

ಲೆಕ್ಕದಪಟ್ಟಿ:
'ತಿಂದುಬಿಟ್ಟೆ'ಯನ್ನ ನಾನು 50 ವರ್ಷದಿಂದ ಹೇಳ್ತಿದ್ದೀನಿ, ಅದರೊಳಗೆ 'ಬಿಡು' ಕೂತಿದೆ ಅಂತ ಒಮ್ಮೆಯೂ ನೋಡಿರಲಿಲ್ಲ.

ಕಡಲತಡಿ:
'ಬೀಡು' ಕೂಡ ಅದೇ ಅಲ್ವಾ? ಬೀಡುಬಿಡು, ಬಿಡಾರ. ನಡಿಗೆ ಬಿಟ್ಟು ತಂಗೋ ಜಾಗ.

ಅಚ್ಚಕನ್ನಡಿಗ:
ಹೌದು. ತಮಿಳಿನ 'ವೀಡು' ಇನ್ನೂ ಒಂದು ಹೆಜ್ಜೆ ಮುಂದೆ. ಅದಕ್ಕೆ ಮನೆ ಅಂತಲೂ ಅರ್ಥ, ಮೋಕ್ಷ ಅಂತಲೂ ಅರ್ಥ.

ಉರ್ದುಪ್ರೇಮಿ:
ಹಾಗಾದ್ರೆ ನಾನೂ ಒಂದು ದೂರದ ನೆಂಟನನ್ನ ಕರೆದು ತರ್ತೀನಿ. ಕ್ವಯಟ್‌ನ ಬೇರು ಲ್ಯಾಟಿನ್ನಿಗಿಂತ ಹಳೆಯದು. ಅದೇ ಬೇರಿನಿಂದ ಇರಾನಿನ ಕಡೆ ಬೆಳೆದ ಕೊಂಬೆ ಫಾರ್ಸಿಯ 'ಶಾದ್', ಅಂದ್ರೆ ಸಂತೋಷ. 'ಶಾದಿ' ಅಲ್ಲಿಂದ. ನಾವು ಬೆನ್ನು ತಟ್ಟಿ ಹೇಳೋ 'ಶಭಾಷ್' ಇದೆಯಲ್ಲ, ಅದು 'ಶಾದ್ ಬಾಶ್', ಸಂತೋಷವಾಗಿರು. ಕ್ವಿಟ್ ಮತ್ತು ಶಭಾಷ್ ದೂರದ ದಾಯಾದಿಗಳು.

ನೇರಮಾತು:
ಇದು ಮಾತ್ರ ನಂಬೋಕಾಗಲ್ಲ ಸ್ವಾಮಿ. 'ಕ್ವ' ಎಲ್ಲಿ, 'ಶ' ಎಲ್ಲಿ? ಇದೇ ತರ ಹೋದ್ರೆ ಯಾವ ಪದವನ್ನ ಯಾವುದಕ್ಕೆ ಬೇಕಾದ್ರೂ ಕಟ್ಟಬಹುದು.

ಬೇರುಹುಡುಕ:
ನಿಮ್ಮ ಅನುಮಾನ ನ್ಯಾಯವಾದದ್ದೇ. ಆದ್ರೆ ಇದು ನೆಲೆ ಇರುವ ಮಾತು. ಧ್ವನಿ ಬದಲಾಗೋದು ಮನಸ್ಸಿಗೆ ಬಂದ ಹಾಗಲ್ಲ, ಸಾಲುಸಾಲಾಗಿ. ಲ್ಯಾಟಿನ್ನಿನ 'ಕ್ವಿಸ್', 'ಕ್ವೋದ್' ಇರೋ ಕಡೆ ಇಂಗ್ಲಿಷಿನಲ್ಲಿ 'ಹೂ', 'ವಾಟ್' ಇರುತ್ತೆ. ಅದೇ ಲೆಕ್ಕದಲ್ಲಿ 'ಕ್ವಿಯೇಸ್' ಅಂದ್ರೆ ವಿಶ್ರಾಂತಿಗೆ ಇಂಗ್ಲಿಷಿನ ಜೋಡಿ 'ವೈಲ್', ಸ್ವಲ್ಪ ಹೊತ್ತು. ಮೊದಲು ಅದು ದಣಿವಾರಿಸಿಕೊಳ್ಳೋ ಹೊತ್ತು. ಇರಾನಿನ ಭಾಷೆಗಳಲ್ಲಿ ಅದೇ ಧ್ವನಿ ಮೊದಲು 'ಚ' ಆಗಿ, ಪಕ್ಕದ 'ಯ' ಜತೆ ಕರಗಿ 'ಶ' ಆಯ್ತು. ಹಳೆಯ ಪರ್ಷಿಯನ್ ಶಾಸನಗಳಲ್ಲಿ ಸುಖಕ್ಕೆ 'ಶಿಯಾತಿ' ಅಂತ ಇದೆ, ನಡುವಿನ ಮೆಟ್ಟಿಲು ಅದು.

ನೇರಮಾತು:
ಮೆಟ್ಟಿಲು ತೋರಿಸಿದ್ರಿ, ಒಪ್ಪಿದೆ. ಬರೀ 'ದಾಯಾದಿಗಳು' ಅಂತ ಹೇಳಿ ಬಿಟ್ಟಿದ್ರೆ ಒಪ್ಪುತ್ತಿರಲಿಲ್ಲ.

ಗುಂಡಿಒತ್ತಿ:
ನಾನು ತಂತ್ರಾಂಶಗಳನ್ನ ಕನ್ನಡಕ್ಕೆ ತರೋ ಕೆಲಸ ಮಾಡ್ತೀನಿ. ಈ ಕ್ವಿಟ್ ನಮ್ಮನ್ನ ಬಹಳ ಕಾಡಿದೆ. ಮ್ಯಾಕ್‌ನಲ್ಲಿ 'ಕ್ವಿಟ್', ವಿಂಡೋಸ್‌ನ ಹಳೆಯ ಮೆನುಗಳಲ್ಲಿ 'ಎಕ್ಸಿಟ್', ಎರಡರಲ್ಲೂ 'ಕ್ಲೋಸ್' ಬೇರೆ. ಕ್ಲೋಸ್‌ಗೆ 'ಮುಚ್ಚು' ಅಂದ್ವಿ. ಎಕ್ಸಿಟ್‌ಗೆ 'ನಿರ್ಗಮಿಸು'. ಕ್ವಿಟ್‌ಗೆ ಒಬ್ಬರು 'ತ್ಯಜಿಸು' ಹಾಕಿದ್ರು. ಚಿತ್ರ ಬಿಡಿಸೋ ಒಂದು ತಂತ್ರಾಂಶದಲ್ಲಿ 'ನೀವು ತ್ಯಜಿಸಲು ಬಯಸುವಿರಾ?' ಅಂತ ಬಂತು. ಪರೀಕ್ಷೆಗೆ ಕೂರಿಸಿದ ಅಜ್ಜಿಯೊಬ್ಬರು ಪರದೆ ನೋಡಿ ಕೈ ಹಿಂದಕ್ಕೆ ಎಳೆದುಕೊಂಡ್ರು. "ಏನು ತ್ಯಜಿಸಬೇಕಪ್ಪಾ?" ಅಂದ್ರು. ಅವರು ಬರೆದ ಚಿತ್ರವೆಲ್ಲ ಹೋಗುತ್ತೆ ಅಂತ ಹೆದರಿದ್ರು. ಮಾರನೇ ದಿನವೇ ಅದನ್ನ ತೆಗೆದ್ವಿ.

ಮಳೆಹನಿ:
ಕೊನೆಗೆ ಏನು ಹಾಕಿದ್ರಿ?

ಗುಂಡಿಒತ್ತಿ:
'ಮುಗಿಸು'. ಅಜ್ಜಿ ತಡವರಿಸದೆ ಒತ್ತಿದ್ರು.

ಕಿಟಕಿಪಕ್ಕ:
'ಕ್ವೈಟ್ ಕ್ವಿಟಿಂಗ್' ಅಂತ 2022ರಲ್ಲಿ ಎಲ್ಲೆಲ್ಲೂ ಓಡಾಡಿತಲ್ಲ? ಕೆಲಸ ಬಿಡದೆ, ಹೇಳಿದಷ್ಟು ಮಾತ್ರ ಮಾಡೋದು. ಇಲ್ಲಿನ ಮಾತು ಓದಿದ ಮೇಲೆ ಅನ್ನಿಸ್ತಿದೆ, ಅದರಲ್ಲಿ ಒಂದೇ ಪದ ಎರಡು ಸಲ ಬಂದಿದೆ.

ಬೇರುಹುಡುಕ:
ನೂರಕ್ಕೆ ನೂರು. ಆದ್ರೆ ಅಲ್ಲಿರೋದು ಕ್ವಯಟ್ ಕ್ವಿಟಿಂಗ್, ಕ್ವೈಟ್ ಅಲ್ಲ.

ಸಂಜೆಪಾಠ:
ನೋಡಿದ್ರಾ, ಇಲ್ಲೂ ಅದೇ ತಪ್ಪು! ಇನ್ನು ಮೇಲೆ ಕೆಂಪು ಪೆನ್ನಲ್ಲಿ ಗುರುತು ಹಾಕೋಕೆ ಮನಸ್ಸು ಬರಲ್ಲ.

ನೇರಮಾತು:
ಮನಸ್ಸು ಬರಲಿ ಮೇಡಂ, ಪರೀಕ್ಷೆಯಲ್ಲಿ ಅಂಕ ಕಳೀತಾರೆ. ಒಂದೇ ತಾಯಿಯ ಮಕ್ಕಳಾದ್ರೂ ಹೆಸರು ಬೇರೆ ಬೇರೆ ಅಂತ ಹೇಳಿ.

ಮಳೆಹನಿ:
ಆ ವಿದ್ಯಾರ್ಥಿಗೆ ಏನು ಹೇಳಿದ್ರಿ ಅಂತ ಬಂದು ತಿಳಿಸಿ. ಕಾಯ್ತಿರ್ತೀವಿ.

ಸಂಜೆಪಾಠ:
ಎಲ್ಲರಿಗೂ, ನಿನ್ನೆ ಕ್ಲಾಸ್ ಆಯ್ತು.

ಬೋರ್ಡಿನ ನಡುವೆ ಕನ್ನಡದಲ್ಲಿ 'ಬಿಡು' ಅಂತ ದೊಡ್ಡದಾಗಿ ಬರೆದೆ. ಸುತ್ತ 'ಬಿಡುವು', 'ಬಿಡುಗಡೆ', 'ಮುಗಿಸಿಬಿಡು'. ಒಂದೊಂದರ ಪಕ್ಕ ಇಂಗ್ಲಿಷಿನ ಪದ ಅವರೇ ಹೇಳಲಿ ಅಂತ ಸುಮ್ಮನೆ ನಿಂತೆ. 'ಬಿಡುವು' ಪಕ್ಕ ಕ್ವಯಟ್ ಬರೋಕೆ ಸ್ವಲ್ಪ ಹೊತ್ತು ಹಿಡೀತು. ಪೇಪರ್ ಕತ್ತರಿಸಿ ತಂದಿದ್ದ ನಮ್ಮ ವಿದ್ಯಾರ್ಥಿಯೇ 'ಬಿಡುಗಡೆ' ಪಕ್ಕ ಅಕ್ವಿಟ್ ಅಂದ್ರು. ಆಮೇಲೆ ನೋ ಡ್ಯೂಸ್ ಫಾರ್ಮಿನ ಮಾತು ಹೇಳಿದೆ. ಅವರ ಫಾರ್ಮು ಬ್ಯಾಗಲ್ಲೇ ಇತ್ತು. ತೆಗೆದು ಬೆಂಚಿನ ಮೇಲೆ ಹರವಿದ್ರು, ಏಳು ಸಹಿ, ಏಳೂ ಆಗಿತ್ತು. ಅದರ ಅಂಚಿನಲ್ಲಿ ಪೆನ್ಸಿಲ್ಲಿನಿಂದ 'ಕ್ವಿಟ್' ಅಂತ ಬರೆದು ಮಡಚಿ ಒಳಗಿಟ್ಟುಕೊಂಡ್ರು. ಸ್ಪೆಲ್ಲಿಂಗ್ ಸರಿ ಇತ್ತು.

ಹೊರಡೋ ಹೊತ್ತಿಗೆ ಕೊನೆಯ ಸಾಲಿನ ಹುಡುಗಿ ಕೇಳಿದ್ಲು: 'ಕ್ವಿಲ್ಟ್' ಕೂಡ ಇದೇ ಮನೆಯದ್ದಾ, ಹೊದ್ದು ನೆಮ್ಮದಿಯಾಗಿ ಮಲಗ್ತೀವಲ್ಲ ಅಂತ. ಈ ಸಲ ನಾನು ಬೇಗ ಉತ್ತರ ಕೊಡಲಿಲ್ಲ. ಕೇಳ್ಕೊಂಡು ಬರ್ತೀನಿ ಅಂದೆ.

ಬೇರುಹುಡುಕ:
ಅಲ್ಲ ಮೇಡಂ. ಅದು ಲ್ಯಾಟಿನ್ನಿನ 'ಕುಲ್ಕಿತಾ'ದಿಂದ, ಹಾಸಿಗೆ ಅಂತ. ಆದ್ರೆ ಆ ಹುಡುಗಿ ಕೇಳಿದ ರೀತಿ ಸರಿಯಾಗಿದೆ, ಅವಳಿಗೆ ಅದನ್ನೂ ಹೇಳಿ.